ಮಂಗಳದಾಕಿ

“ಬರ್ರಿ, ಮಂಗಳದವ್ರ! ನಿಮ್ಮ ಕತಿ ಸಿಕ್ತು!”

ಸಂತೆಯ ದಿನ, ಯರಗಟ್ಟಿಯ ಬಸ್ ಸ್ಟ್ಯಾಂಡಿನ ಎದುರು, ಲಗಮಪ್ಪನ ಚುರುಮುರಿ ಅಂಗಡಿಯ ಮುಂದೆ ನಿಂತು ನೀಲಕಂಠ ಮಾಸ್ತರ ಹೀಗೆ ಕೂಗಿದ. ಕೈಯಲ್ಲಿ ಎಣ್ಣೆ ಕುಡಿದ ಒಂದು ಹಾಳೆ. ಮುಖದ ತುಂಬ ನಗು. ಕೂಗಿದ್ದು ನನ್ನ ಅಣ್ಣನ ಮಗಳು ಯಮುನಾಗೆ.

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಆ ನಗು ಸವದತ್ತಿಗೆ ಕೇಳಿಸಿರಬೇಕು. ಬೆಳಗಾವಿ ಬಸ್ಸಿನಲ್ಲಿ ಕೂತವರೂ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು.

ಯಮುನಾ ನಿಂತಲ್ಲೇ ಕೆಂಪಾದಳು, ಆಮೇಲೆ ಬೆಳ್ಳಗಾದಳು. ಸೆರಗನ್ನು ಕಿವಿಯವರೆಗೆ ಎಳೆದುಕೊಂಡು ಮನೆಯ ಕಡೆ ತಿರುಗಿದಳು. ನನ್ನ ಕೈಚೀಲದಲ್ಲಿದ್ದ ಬದನೆಕಾಯಿಯೂ ನಾಚಿಕೊಂಡಿತು ಅನ್ನಿ.

ಊರಿಗೆ ನಗು ಯಾಕೆ ಬಂತೆಂದರೆ, ಅದೇ ವಾರ ರಾಮದುರ್ಗದ ಗಂಡಿನವರು ಯಮುನಾಳ ಜಾತಕವನ್ನು ತಿರುಗಿ ಕಳಿಸಿದ್ದರು. ಹುಡುಗಿಯ ಜಾತಕದಲ್ಲಿ ಮಂಗಳದ ದೋಷ ಇದೆ, ಕೈ ಹಿಡಿದ ಗಂಡು ಬದುಕುವುದಿಲ್ಲ ಎಂದಿದ್ದರು. ಜಾತಕ ತಂದ ಪುಣ್ಯಾತ್ಮ ಮಾತು ಹೊಟ್ಟೆಯಲ್ಲಿ ಉಳಿಯದೆ ಅದನ್ನು ಬಸ್ಸಿಗೆಲ್ಲ ಹಂಚಿದ್ದ. ಹೀಗೆ ತಿರುಗಿ ಬಂದ ಜಾತಕ ಅದೊಂದೇ ಅಲ್ಲ. ಇಪ್ಪತ್ತೆಂಟು ತುಂಬಿದ ಹುಡುಗಿ ನೀರಿಗೆ ಹೋಗುವಾಗಲೂ ನೆಲ ನೋಡಿಕೊಂಡೇ ನಡೆಯುತ್ತಿದ್ದಳು.

ಊರೆಲ್ಲ ತಿಳಿದದ್ದು ನೀಲಕಂಠನೊಬ್ಬನಿಗೆ ತಿಳಿದಿರಲಿಲ್ಲ.

ಅವನು ಕಿತ್ತೂರಿನವನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ. ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದ. ಕಾಲು ಯರಗಟ್ಟಿಯಲ್ಲಿ, ತಲೆ ಚುಕ್ಕೆಗಳಲ್ಲಿ. ಬೆಳಗಾವಿ ಕ್ಯಾಂಪಿನಲ್ಲಿ ಬಿಳಿ ಸೋಲ್ಜರರು ಬಿಟ್ಟುಹೋದ ಹಳೇ ಇಂಗ್ಲಿಷ್ ಮಾಸಿಕಗಳು ಲಗಮಪ್ಪನ ಅಂಗಡಿಗೆ ರದ್ದಿಯಾಗಿ ಬರುತ್ತಿದ್ದವು. ಚುರುಮುರಿಯ ಪೊಟ್ಟಣವಾಗುವ ಮೊದಲೇ ನೀಲಕಂಠ ಅವನ್ನು ಕೊಳ್ಳುತ್ತಿದ್ದ. ಒಂದೊಂದೂ ಅವನಿಗಿಂತ ಹಳೆಯದು. ಮುಖಪುಟದ ಮೇಲೆ ಬೆಂಕಿ ಉಗುಳುವ ವಿಮಾನ, ಕಬ್ಬಿಣದ ಮನುಷ್ಯ, ಹತ್ತು ಕಣ್ಣಿನ ಪ್ರಾಣಿ. ಮೊದಲ ಸಲ ನೋಡಿದಾಗ ನಾನು ಮೂರು ದಿನ ಊಟ ಬಿಟ್ಟೆ. ಎರಡು ದಿನ ಅಂತಲೇ ಇಟ್ಟುಕೊಳ್ಳಿ.

ಸಂಜೆ ಕಟ್ಟೆಯ ಮೇಲೆ ಕೂತು ಆ ಕಥೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದ. ಹೇಳುವುದು ನನಗೆ. ಕೇಳಬೇಕಾದವಳು ಒಳಗೆ ಕಿಟಕಿಯ ಹತ್ತಿರ ಕುಪ್ಪಸ ಹೊಲಿಯುತ್ತಿದ್ದಳು. ಕಥೆ ಚೆನ್ನಾದಲ್ಲಿ ಮಶಿನ್ನಿನ ಸದ್ದು ನಿಲ್ಲುತ್ತಿತ್ತು. ಸದ್ದು ನಿಂತಾಗ ಅವನು ಪುಟದಿಂದ ಕಣ್ಣೆತ್ತುತ್ತಿದ್ದ. ಅವಳು ಕೂಡಲೇ ಸೂಜಿಗೆ ದಾರ ಹಾಕತೊಡಗುತ್ತಿದ್ದಳು. ಒಂದು ದಾರ ಪೋಣಿಸಲು ಅಷ್ಟು ಹೊತ್ತೇ? ಅಷ್ಟರಲ್ಲಿ ನಾನು ಒಂದು ಚೀಲ ಜೋಳ ಹಸನು ಮಾಡುತ್ತಿದ್ದೆ.

ಒಂದು ಸಂಜೆ ಅವನು, “ಇದು ಮಂಗಳದ ಕತಿ, ಮಾವಶಿ,” ಅಂದ. ಒಳಗೆ ದಾರ ಪಟ್ಟನೆ ಹರಿಯಿತು.

ಭೂಮಿಯ ಮನುಷ್ಯನೊಬ್ಬನ ವಿಮಾನ ಕೆಟ್ಟು ಮಂಗಳದ ಮೇಲೆ ಬೀಳುತ್ತದೆ. ಎಲ್ಲಿ ನೋಡಿದರೂ ಕೆಂಪು ಉಸುಕು. ಅಲ್ಲಿನ ಹೆಣ್ಣೊಬ್ಬಳು ತನ್ನ ಪಾಲಿನ ಕಾಲುವೆ ನೀರನ್ನು ದಿನವೂ ಅವನಿಗೆ ಕುಡಿಸುತ್ತಾಳೆ. ಅವನು ವಿಮಾನ ರಿಪೇರಿ ಮಾಡುತ್ತಾನೆ. ಹೊರಡುವ ದಿನ ಬರುತ್ತದೆ.

“ಮುಂದ?” ಕಿಟಕಿಯಿಂದ ಸಣ್ಣ ದನಿ.

“ಮುಂದಿನ ಹಾಳಿ ಚುರುಮುರಿ ಕಟಗೊಂಡು ಹೋಗ್ಯದ್ರಿ.”

“ಅಲ್ರಿ ಮಾಸ್ತರ, ಮಂಗಳದವರು ಕೆಟ್ಟವರೇನು?”

“ಛೇ! ಈ ಕತಿಯೊಳಗ ಆಕಿಗಿಂತ ಒಳ್ಳೆಯವರು ಯಾರೂ ಇಲ್ರಿ.”

ಆ ರಾತ್ರಿ ಯಮುನಾ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಆಮೇಲೆ ಅವನ ಬಾಯಲ್ಲಿ ಅವಳು “ಮಂಗಳದವ್ರು” ಆದಳು, ಕಥೆ “ನಿಮ್ಮ ಕತಿ” ಆಯಿತು, ಅವಳ ಬಾಯಲ್ಲಿ ಅದು “ನಮ್ಮ ಕತಿ ಸಿಕ್ತೇನ್ರಿ?” ಆಯಿತು. ಮಂಗಳ ಎಂಬ ಮಾತಿಗೆ ತಲೆ ತಗ್ಗಿಸದೆ ಅವಳು ಕೂತದ್ದನ್ನು ನಾನು ಕಂಡದ್ದು ಆ ಕಿಟಕಿಯಲ್ಲಿ ಮಾತ್ರ.

ಈಗ ಅದೇ ಮಾತನ್ನು ಅವನು ಸಂತೆಯಲ್ಲಿ ಕೂಗಿದ್ದ.

“ಮೊದಲಿಂದ ಮಾಸ್ತರಿಗೆ ಗೊತ್ತಿತ್ತು, ಅತ್ಯಾ,” ಅಂದಳು ಯಮುನಾ, ಒಲೆಯ ಕಡೆ ಮುಖ ಮಾಡಿ. “ಇಷ್ಟ ದಿನಾ ಆಡಿಕೊಂಡು ನಕ್ಕಾರ. ನಾ ಹುಚ್ಚಿ, ಕೂತು ಕೇಳಿದೆ.”

ನೀಲಕಂಠ ಕಟ್ಟೆಯ ಹತ್ತಿರ ಬಂದು ನಿಂತ. “ಮಾವಶಿ, ನಾ ಏನ ತಪ್ಪ ಮಾಡ್ದೆ?”

ಹೇಳಿದೆ. ಅವನ ಮುಖ ಸುಣ್ಣದ ಗೋಡೆಯಾಯಿತು.

“ನಾ... ನಾ ಆ ಗ್ರಹದ ಮಾತ ಹೇಳಿದ್ದು...”

“ಊರೂ ಅದ ಗ್ರಹದ ಮಾತು ಹೇಳ್ಲಿಕ್ಕೆ ಹತ್ಯದ, ನನ್ನಪ್ಪಾ.”

ಅವನು ತನ್ನ ಕೈ ನೋಡಿಕೊಂಡ. ಹಾಳೆ ಇರಲಿಲ್ಲ. ಗಡಿಬಿಡಿಯಲ್ಲಿ ಅಂಗಡಿಯ ಮುಂದೆ ಬಿದ್ದಿತ್ತು. ಲಗಮಪ್ಪ ಅದರಲ್ಲಿ ಯಾರಿಗೋ ಬಿಸಿ ಭಜಿ ಕಟ್ಟಿ ಕೊಟ್ಟೂ ಆಗಿತ್ತು.

ಆಮೇಲೆ ಮನೆ ಮೂಗಾಯಿತು. ಅವನು ಬೆಕ್ಕಿನಂತೆ ಹೊರಗೆ ಹೋಗಿ ಬೆಕ್ಕಿನಂತೆ ಒಳಗೆ ಬರುತ್ತಿದ್ದ. ಕಟ್ಟೆಯ ಮೇಲೆ ಕೂರಲಿಲ್ಲ. ಅವಳು ಕಿಟಕಿ ಹಾಕಿಕೊಂಡು ಕತ್ತಲಲ್ಲಿ ಹೊಲಿದಳು. ಒಂದು ಕುಪ್ಪಸದ ಎರಡೂ ತೋಳು ಒಂದೇ ಕಡೆ ಬಂದವು. ನಾಚಿಕೆಯಲ್ಲಿ ಇಬ್ಬರೂ ಎಷ್ಟು ಬಡಕಲಾದರೆಂದರೆ, ಗಾಳಿ ಬಂದರೆ ಹಿಡಿದು ಕೂರಿಸಬೇಕಾಗಿತ್ತು.

ಶ್ರಾವಣ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ನೀಲಕಂಠ ಪೇಪರ್ ಹಿಡಿದು ನಡುಮನೆಯ ಹೊಸ್ತಿಲಿಗೆ ಬಂದು ನಿಂತ. ಯಮುನಾ ಅಡಿಗೆಮನೆಯ ಬಾಗಿಲ ಮರೆಗೆ ಸರಿದಳು. ಅವಳ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಅವನು ಆ ಅಂಚಿನ ಜೊತೆಗೇ ಮಾತಾಡಿದ.

“ಅಮೇರಿಕಾದವರು ಮಂಗಳದ ಮ್ಯಾಲೆ ಒಂದು ಯಂತ್ರಾ ಇಳಿಸ್ಯಾರ್ರಿ. ಅದು ಚಿತ್ರಾ ತಗದು ಕಳಿಸ್ಯದ.”

ನಾನು ಪೇಪರ್ ಇಸಿದುಕೊಂಡು ನೋಡಿದೆ. “ಅಯ್ಯ, ಇದು ನಮ್ಮ ಸವದತ್ತಿ ಗುಡ್ಡ ಅಲ್ಲೇನೋ? ಇದನ್ನ ನೋಡ್ಲಿಕ್ಕೆ ಅಷ್ಟ ದೂರ ಹೋಗಬೇಕಾಗಿತ್ತೇನು!”

ಯಾರೂ ನಗಲಿಲ್ಲ. ಬಾಗಿಲ ಹಿಂದಿನಿಂದ ದನಿ ಬಂತು.

“ಅಲ್ಲೆ ಯಾರು ಕಾಣ್ತಾರ?”

“ಯಾರೂ ಇಲ್ರಿ. ಬರೇ ಕಲ್ಲು, ಉಸುಕು.”

ಅಂಚು ಅಲುಗಾಡಿತು. “ಅಂದ್ರ ಇಷ್ಟ ವರ್ಷ ನಾ ಕಲ್ಲಿಗೆ ತಲಿ ತಗ್ಗಿಸೇನಿ.”

ನೀಲಕಂಠ ಹೊಸ್ತಿಲು ದಾಟಿ ಒಳಗೆ ಬಂದ. “ನನಗ ಖರೇನ ಗೊತ್ತಿರಲಿಲ್ರಿ. ಗೊತ್ತಿದ್ರ ನಾಲಿಗಿ ಕಚ್ಚಿಕೋತಿದ್ದೆ.”

“ಆ ಹಾಳಿಯೊಳಗ ಏನಿತ್ತು?” ಯಮುನಾ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು, ಕಣ್ಣಲ್ಲಿ ನೀರು, ದನಿಯಲ್ಲಿ ಖಾರ. “ನನ್ನ ಕತಿ. ಹೇಳ್ರಿ.”

“ಆಂವ ಅಲ್ಲೇ ಉಳೀತಾನ್ರಿ. ಆಕಿ ಜೋಡಿ.”

“ನನ್ನ ಕಣ್ಣು ನೋಡಿ ಹೇಳ್ರಿ.”

ನೋಡಿದ. ಕಿವಿ ಕೆಂಪಾಯಿತು.

“ಸುಳ್ಳು. ಹೊಂಟ ಹೋಗ್ತಾನ. ಹೊಳ್ಳಿ ಸುದ್ದಾ ನೋಡಂಗಿಲ್ಲ. ಓದಿ ನನಗ ನಾಚಿಕಿ ಬಂತು. ನಿಮ್ಮ ಮುಂದ ಬ್ಯಾರೆ ಹೇಳಬೇಕಂತ, ಆಂವ ಉಳದಾ ಅಂತ ಹೇಳಬೇಕಂತ ಓಡಿ ಬರ್ಲಿಕ್ಕೆ ಹತ್ತಿದ್ದೆ. ನೀವ ಎದುರಿಗೆ ಬಂದ್ರಿ. ಖುಷಿಗೆ ಕೂಗಿಬಿಟ್ಟೆ.”

“ಯಾಕ ಬ್ಯಾರೆ ಹೇಳಬೇಕಾಗಿತ್ತು?”

“ಯಾಕಂದ್ರ... ನಾ ಆಗಿದ್ರ ಉಳೀತಿದ್ದೆ.”

ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀಯಲಿ ಎಂದು ನಾನೂ ಸುಮ್ಮನಿದ್ದೆ.

ಯಮುನಾ ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. “ನಾಳೆ ನಿಮಗೇನರ ಆದ್ರ, ಮಂದಿ ನನ್ನ ಕಡೆ ಬಟ್ಟು ಮಾಡಿ ತೋರಿಸ್ತಾರ.”

ಆಗ ನಾನು ಬಾಯಿ ಹಾಕಿದೆ. “ಯಮುನಾ, ನನ್ನ ಜಾತಕಾ ಮೂವತ್ತಾರಕ್ಕ ಮೂವತ್ತಾರು ಗುಣಾ ಕೂಡಿತ್ತು. ಮಂಗಳ ಇರಲಿಲ್ಲ, ಶನಿ ಇರಲಿಲ್ಲ, ಒಂದು ಸೊಳ್ಳಿನೂ ಇರಲಿಲ್ಲ. ಜೋಯಿಸರು ಕುಣದಾಡಿದ್ರು. ಲಗ್ನ ಆದ ಮ್ಯಾಲೆ ನಿನ್ನ ಮಾಮಾ ಎರಡು ಮಳಿಗಾಲನೂ ಬದುಕಲಿಲ್ಲ.”

ಇದನ್ನು ಹೇಳುವಾಗ ನನಗೆ ನಗು ಬರಬೇಕಿತ್ತು. ಬರಲಿಲ್ಲ. ಯಮುನಾ ಬಂದು ನನ್ನ ಹೆಗಲಿಗೆ ಹಣೆ ಹಚ್ಚಿದಳು.

ಮುಂದಿನ ಸಂತೆಯ ದಿನ ಮೂವರೂ ಲಗಮಪ್ಪನ ಅಂಗಡಿಗೆ ಹೋದೆವು. ಅದೇ ಮಂದಿ, ಅದೇ ಬಸ್ಸು. ನೀಲಕಂಠ ಬಾಯಿಗೆ ಬೀಗ ಹಾಕಿಕೊಂಡು ನನ್ನ ಹಿಂದೆ ಅಡಗಿದ್ದ. ಯಾರೋ ಖೊಕ್ ಎಂದರು. ಯಮುನಾಳ ಕುತ್ತಿಗೆ ಒಂದು ಕ್ಷಣ ಬಾಗಿತು.

ಆಮೇಲೆ ಅವಳು ತಲೆ ಎತ್ತಿದಳು. ಸೆರಗು ತಾನೇ ಕಿವಿಯಿಂದ ಜಾರಿತು.

“ಲಗಮಪ್ಪಾ, ಮಂಗಳದಾಕಿ ಬಂದಾಳ. ಎರಡು ಪೊಟ್ಟಣ ಕಟ್ಟು. ಒಂದು ನನಗ,” ಎಂದು ಹಿಂದಕ್ಕೆ ತಿರುಗಿ ಕೈ ಚಾಚಿದಳು, “ಒಂದು ನಮ್ಮ ಭೂಮಿಯವರಿಗೆ.”

“ಖಾರಾ ಎಷ್ಟ ಹಾಕ್ಲಿ ಅಕ್ಕಾರ?” ಅಂದ ಲಗಮಪ್ಪ, ಬೇರೆ ಏನೂ ತೋಚದೆ.

ನೀಲಕಂಠ ನನ್ನ ಹಿಂದಿನಿಂದ ಹೊರಗೆ ಬಂದ. ಇಡೀ ಸಂತೆ ನೋಡುತ್ತಿದ್ದಂತೆ ಅವಳ ಪಕ್ಕದಲ್ಲಿ ನಿಂತ. ಅವನ ಮುಖ ಎಷ್ಟು ಕೆಂಪಾಗಿತ್ತೆಂದರೆ, ಆ ಅಮೇರಿಕಾದವರು ಮಂಗಳದ ಚಿತ್ರಕ್ಕೆಂದು ಅಷ್ಟು ದೂರ ಯಂತ್ರ ಕಳಿಸಬೇಕಾಗಿರಲಿಲ್ಲ.