ಯಾರನ್ನ ಮುಟ್ಟಿದ್ರಿ?

ಕೆಲಸ ಮುಗಿಸಿ ಆಗಷ್ಟೇ ಹೊರಬಂದ ಲಂಬೂನ ಕಾಲರಿಗೆ ಎಲೆಯ ಚೂರೊಂದು ಅಂಟಿತ್ತು. ಗುಬ್ಬಿ ಅದನ್ನು ಬೆರಳ ತುದಿಯಲ್ಲಿ ಎತ್ತಿ ಎಸೆದಳು. ಹೋದ ಬೆರಳು ಸುಮ್ಮನೆ ವಾಪಸ್ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದು ಅವನ ಕೆನ್ನೆಯ ಮೇಲೂ ಒಂದು ಸುತ್ತು ಅಡ್ಡಾಡಿ ಬಂತು.

"ಏಯ್, ರೂಲ್ಸು!" ಅವನು ಪಿಸುಗುಟ್ಟಿದ. ಹಿಂದೆ ಮಾತ್ರ ಸರಿಯಲಿಲ್ಲ.

ಆ ನರ್ಸರಿಯಲ್ಲಿ ಎರಡು ಗಾಜಿನ ಮನೆಗಳು. ನಡುವಿನ ಗೋಡೆಯೂ ಗಾಜಿನದೇ. ಈ ಕಡೆ ತಾಯಿಗಿಡಗಳು. ಅವುಗಳ ಸಸಿಗಳು ವಿಮಾನ ಹತ್ತಿ ಪರದೇಶದ ಮನೆಗಳ ಅಲಂಕಾರಕ್ಕೆ ಹೋಗುತ್ತಿದ್ದವು. ಆ ಕಡೆ ಕ್ವಾರಂಟೈನ್; ಹೊರಗಿನಿಂದ ತರಿಸಿದ ಹೊಸ ಗಿಡಗಳಿಗೆ ರೋಗವಿಲ್ಲವೆಂದು ಖಾತ್ರಿಯಾಗುವವರೆಗೆ ಅಲ್ಲೇ ವಾಸ. ಆ ಕಡೆಯವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಈ ಕಡೆಯವರ ಹತ್ತಿರ ಸುಳಿಯುವಂತಿಲ್ಲ.

ಗುಬ್ಬಿ ಈ ಕಡೆ, ಲಂಬೂ ಆ ಕಡೆ. ಗಾಜಿನ ಹಬೆಯನ್ನು ಅಂಗೈಯಗಲ ಒರೆಸಿಕೊಂಡು ಇಣುಕುವುದೇ ಅವರ ಪ್ರೇಮ. ಅಲ್ಲಿ ಅವನು ಹುಬ್ಬು ಕುಣಿಸಿದರೆ, ಇಲ್ಲಿ ಇವಳ ನೀರಿನ ಪೈಪು ಗಿಡ ಬಿಟ್ಟು ಚಪ್ಪಲಿಗೆ ನೀರುಣಿಸುತ್ತಿತ್ತು.

ಅವತ್ತು ಅವಳು ಕೈಯನ್ನೂ ತೊಳೆಯದೆ ಒಳಗೆ ಹೋಗಿ, ತನ್ನಷ್ಟಕ್ಕೆ ನಗುತ್ತಾ ತಾಯಿಗಿಡಗಳ ಎಲೆ ಒರೆಸಿದಳು.

ಮರುದಿನ ಬೆಳಿಗ್ಗೆ ಆ ಕಡೆಯ ಗಿಡಗಳಲ್ಲಿ ನುಸಿ ಸಿಕ್ಕಿತು.

ಗುಬ್ಬಿಗೆ ತನ್ನ ತೊಳೆಯದ ಕೈ ನೆನಪಾಯಿತು. ಬರಿಗಣ್ಣಿಗೆ ಸುಲಭಕ್ಕೆ ಕಾಣದ ಹುಳ. ಆದರೆ ಸಸಿಗಳ ಜೊತೆ ಪರದೇಶ ಸೇರಿತೋ, ಅಲ್ಲಿನವರು ಇಡೀ ಲೋಡು ಸುಟ್ಟು, ಈ ನರ್ಸರಿಯ ಗಿಡವನ್ನು ಮತ್ತೆಂದೂ ಒಳಗೆ ಬಿಡುವುದಿಲ್ಲ. ನರ್ಸರಿ ದೊಡ್ಡಮ್ಮನದು. ಅಮ್ಮ ಹೋದ ಮೇಲೆ ಗುಬ್ಬಿಯನ್ನು ಸಾಕಿದವಳೂ ಅವಳೇ. ಬಾಯಿಬಿಟ್ಟರೆ ಲಂಬೂನ ಕೆಲಸ ಹೋಗುತ್ತದೆ, ಬಿಡದಿದ್ದರೆ ದೊಡ್ಡಮ್ಮನ ಬದುಕು. ಸಸಿ ತುಂಬಿದ ವ್ಯಾನು ಆಗಲೇ ಗೇಟಿನ ಹತ್ತಿರ ನಿಂತಿತ್ತು.

ತಪಾಸಣೆಯ ಮೇಡಂ ಎಲ್ಲರ ಎದುರಿಗೇ ಲಂಬೂನನ್ನು ಕೇಳಿದರು. "ನಿನ್ನೆ ಹೊರಗೆ ಬಂದ್ಮೇಲೆ ಯಾರನ್ನ ಮುಟ್ಟಿದ್ರಿ?"

ಅವನು ಒಮ್ಮೆ ಗುಬ್ಬಿಯ ಕಡೆ ನೋಡಿದ. "ಯಾರನ್ನೂ ಇಲ್ಲ ಮೇಡಂ."

ಅದು ತನ್ನನ್ನು ಉಳಿಸಲು ಹೇಳಿದ ಸುಳ್ಳು ಎಂದು ಅವಳಿಗೆ ಗೊತ್ತಾಯಿತು. ಅವನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ, ಅಷ್ಟು ಭಯವೂ ಆಗಿರಲಿಲ್ಲ. ದೊಡ್ಡಮ್ಮ ಹೊರಡು ಎಂದು ವ್ಯಾನಿನವನಿಗೆ ಕೈ ಎತ್ತಿದಳು.

"ದೊಡ್ಡಮ್ಮಾ, ತಡಿ! ಅವನು ಮುಟ್ಟಿಲ್ಲ. ನಾನೇ ಮುಟ್ಟಿದ್ದು."

"ಎಲ್ಲಿ?" ಮೇಡಂ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಕಾಲರ್ ಹತ್ರ."

"ಅಷ್ಟೇನಾ?"

"ಕೆನ್ನೆ..."

"ಆಮೇಲೆ?"

"ಆಮೇಲೇನಿಲ್ಲ ಮೇಡಂ!" ಲಂಬೂ ನಡುವೆ ಬಾಯಿ ಹಾಕಿದ. ಅವನ ಕಿವಿ ಕೆಂಪಗಾಗಿತ್ತು.

"ಎಷ್ಟು ದಿನದಿಂದ ಇದು?" ದೊಡ್ಡಮ್ಮ ಕೇಳಿದಳು.

"ಮುಟ್ಟಿದ್ದು ನಿನ್ನೆ ಒಂದೇ ದಿನ," ಗುಬ್ಬಿ ತಲೆ ತಗ್ಗಿಸಿದಳು. "ಇಷ್ಟಪಟ್ಟಿದ್ದು ಮೊದಲಿಂದ್ಲೂ."

ಎತ್ತಿದ ಕೈಯನ್ನು ದೊಡ್ಡಮ್ಮ ನಿಧಾನವಾಗಿ ಇಳಿಸಿದಳು. "ಇವತ್ತು ಲೋಡ್ ಹೋಗಲ್ಲಪ್ಪ, ಇಳಿಸು."

ಗುಬ್ಬಿ ಮುಟ್ಟಿದ ಗಿಡಗಳೂ ಗುಬ್ಬಿಯೂ ಆ ಕಡೆಗೆ ಎಂದು ಮೇಡಂ ತೀರ್ಪಿತ್ತರು. ನುಸಿ ಹತ್ತಿದ್ದರೆ ಸುಡುವುದು, ಇಲ್ಲದಿದ್ದರೆ ಉಳಿಸುವುದು. ಅಲ್ಲಿಯವರೆಗೆ ಕಾಯಬೇಕು.

"ನಡಿ, ನಾನು ಹೇಳೋವರೆಗೂ ತಾಯಿಗಿಡದ ಮನೆಗೆ ಕಾಲಿಡಬೇಡ," ಎಂದಳು ದೊಡ್ಡಮ್ಮ. ಲಂಬೂನ ಕಡೆ ತಿರುಗಿ, "ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ. ಮೊದ್ಲು ಗಿಡ ಉಳಿಸು."

ಹಿಂದೆ ಕ್ವಾರಂಟೈನಿನ ಬಾಗಿಲು ಮುಚ್ಚಿಕೊಂಡಿತು. ಗುಬ್ಬಿ ತನ್ನ ತಾಯಿಗಿಡಗಳ ಮುಂದೆ ನಿಂತಳು. ಎಲೆ ಮಗುಚಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ನಡುವಿನ ಗಾಜಿನ ಹಬೆಯನ್ನು ಆ ಬದಿಯಿಂದ ಯಾರೋ ಅಂಗೈಯಗಲ ಒರೆಸಿದರು. ಅಲ್ಲಿಂದ ಇಣುಕುತ್ತಿದ್ದವಳು ದೊಡ್ಡಮ್ಮ.

"ಭಯ ಆಗ್ತಿದೆ ಕಣೋ," ಎಂದಳು ಗುಬ್ಬಿ, ಪಕ್ಕದಲ್ಲಿದ್ದ ಲಂಬೂಗೆ.

"ನಂಗೂ." ಅವನು ಕೈ ಚಾಚಿದ. "ಆದ್ರೆ ಈ ಕಡೆಯವರು ಈ ಕಡೆಯವರನ್ನ ಮುಟ್ಟಬಹುದು."