ಮುನ್ನೂರ ಹದಿಮೂರನೇ ಫಲಕ

ಅವಳ ಕೀಬೋರ್ಡಿನ ಪಕ್ಕ ಹಿತ್ತಾಳೆಯ ಫಲಕವೊಂದು ಠಣ್ ಎಂದು ಬಿತ್ತು.

"ಇದನ್ನ ಅಳಿಸಿ ಕೊಡಿ ಮೇಡಂ," ಎಂದ ಅವನು. "ನೀವು ಕಂಪ್ಯೂಟರ್‌ನಲ್ಲಿ ಅಳಿಸಿದ್ರಲ್ಲ, ಹಾಗೇ ಒಂದೇ ಸಲಕ್ಕೆ. ನೋಡೋಣ."

ತಲೆ ಎತ್ತಿದರೆ ಕಂಡವನು ಎತ್ತರದ ಆಳು. ಅಂಗಿಯ ತೋಳಿನ ತುಂಬ ಹಿತ್ತಾಳೆಯ ಪುಡಿ. ಮುಖದಲ್ಲಿ ಎಣ್ಣೆಗೆ ಸಾಸಿವೆ ಬಿದ್ದಂಥ ಸಿಟ್ಟು.

ಅವಳು ಆ ಮ್ಯೂಸಿಯಮ್ಮಿನ ವೆಬ್‌ಸೈಟ್ ನೋಡಿಕೊಳ್ಳುವವಳು. ಹಳೆಯ ಕಾಲದ ಕೈಕೆಲಸದ ಉಪಕರಣಗಳ ಮ್ಯೂಸಿಯಂ ಅದು. ಹೊಲಿಗೆ ಯಂತ್ರ, ತಿದಿ, ತಕ್ಕಡಿ, ಅಕ್ಷರ ಜೋಡಿಸುವ ಮೊಳೆಗಳು... ಒಟ್ಟು ಮುನ್ನೂರ ಹನ್ನೆರಡು ವಸ್ತು. ಪ್ರತಿ ವಸ್ತುವಿನ ಮುಂದೆಯೂ ಒಂದು ಹಿತ್ತಾಳೆ ಫಲಕ, ಅದರ ಮೇಲೆ ಆ ವಸ್ತುವಿನ ಕಥೆ ಓದಲು ವೆಬ್ ವಿಳಾಸ. ಬಂದವರು ಅದನ್ನು ಫೋನಿನಲ್ಲಿ ಒತ್ತಿ ಓದುತ್ತಿದ್ದರು.

ಆ ಹಳೆಯ ವಿಳಾಸಗಳನ್ನು ಕಂಡರೆ ಅವಳಿಗೆ ಅಲರ್ಜಿ. ಪೇಜ್ ಡಾಟ್ ಪಿಎಚ್‌ಪಿ, ಪ್ರಶ್ನಾರ್ಥಕ ಚಿಹ್ನೆ, ಐಡಿ, ಈಕ್ವಲ್ ಟು, ನಲವತ್ತೇಳು. ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹಿಂದಿನ ದಿನವಷ್ಟೇ ಎಲ್ಲವನ್ನೂ ಬದಲಾಯಿಸಿ, ಮ್ಯೂಸಿಯಮ್ಮಿನ ಹೆಸರಿನ ಮುಂದೆ ಓರೆಗೆರೆ ಹಾಕಿ, 'ಹೊಲಿಗೆ-ಯಂತ್ರ' ಎಂದು ಚೊಕ್ಕವಾಗಿ ಬರುವಂತೆ ಮಾಡಿದ್ದಳು. ಫಲಕಗಳ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

"ಇವು ಮುನ್ನೂರ ಹನ್ನೆರಡನ್ನೂ ನಾನು ಕೈಯಲ್ಲಿ ಕೆತ್ತಿದ್ದೀನಿ," ಎಂದ. "ಜನ ನನ್ನ ಫಲಕದ ಮುಂದೆ ನಿಂತು ಫೋನ್‌ನಲ್ಲಿ 'ಈ ಪುಟ ಸಿಗಲಿಲ್ಲ' ಅಂತ ಓದ್ತಿದ್ದಾರೆ. ಕೆತ್ತಿದವನು ಸುಳ್ಳು ಹೇಳಿದ ಹಾಗಾಯ್ತು."

ಅವಳು ಆ ಫಲಕದ ವಿಳಾಸವನ್ನು ಒತ್ತಿ ನೋಡಿದಳು. ಅವನು ಹೇಳಿದ್ದು ನಿಜವಾಗಿತ್ತು.

"ಒಂದೂ ಅಳಿಸೋದು ಬೇಡ," ಎಂದಳು. "ಹಳೇ ವಿಳಾಸ ಒತ್ತಿದ್ರೂ ಹೊಸ ಪುಟಕ್ಕೆ ಹೋಗೋ ಹಾಗೆ ದಾರಿ ಹಾಕ್ತೀನಿ. ಆದ್ರೆ ಯಾವ ನಂಬರ್ ಯಾವ ವಸ್ತುವಿನದು ಅಂತ ನೀವೇ ಬಂದು ಹೇಳ್ಬೇಕು."

ಹೀಗೆ ಶುರುವಾಯಿತು.

ಮ್ಯೂಸಿಯಂಗೆ ಸೋಮವಾರ ರಜೆ. ಜನರಿಲ್ಲದ ಆ ದಿನವೇ ಇಬ್ಬರೂ ಒಂದೊಂದೇ ಕೋಣೆಗೆ ಹೋಗಿ, ಅವನು ಫಲಕದ ನಂಬರ್ ಓದುವುದು, ಅವಳು ಬರೆದುಕೊಳ್ಳುವುದು, ಆಮೇಲೆ ಅವಳ ಕೋಣೆಗೆ ಬಂದು ಒಂದೊಂದಕ್ಕೂ ದಾರಿ ಹಾಕಿ ತೆರೆಯುತ್ತದೆಯೇ ಎಂದು ನೋಡುವುದು. ವಾರಕ್ಕೆ ಇಪ್ಪತ್ತೆರಡು, ಇಪ್ಪತ್ಮೂರು. ಮನಸ್ಸು ಮಾಡಿದ್ದರೆ ಮೂರು ಸೋಮವಾರದಲ್ಲಿ ಮುಗಿಯುವ ಕೆಲಸ. ಅದು ಹದಿನಾಲ್ಕು ಸೋಮವಾರ ಹಿಡಿಯಿತು ಎಂದರೆ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಅವನು ಕೂರುತ್ತಿದ್ದುದು ಕಿಟಕಿ ಪಕ್ಕದ ಸ್ಟೂಲಿನ ಮೇಲೆ. ಅದರ ಒಂದು ಕಾಲು ಗಿಡ್ಡ. ಅಡಿಗೆ ಕಾಗದ ಮಡಚಿ ಇಟ್ಟರೂ ಅವನು ಅಲ್ಲಾಡಿದಾಗಲೆಲ್ಲ ಟಕ್ ಟಕ್ ಎನ್ನುತ್ತಿತ್ತು. ಪರದೆಯ ಕಡೆ ಮುಖ ಮಾಡಿ ಕೂತ ಅವಳಿಗೆ ಆ ಸದ್ದು ಕೇಳಿದರೆ ಸಾಕು, ತುಟಿಯಂಚಿನಲ್ಲಿ ನಗು.

ಅವನ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಪುಟ ಎಲ್ಲಿರುತ್ತೆ? ಕೇಳಿದ ತಕ್ಷಣ ಯಾರು ತಂದುಕೊಡ್ತಾರೆ? ಅವಳು ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ವಸ್ತುಗಳ ಅಳತೆ ತಿದ್ದಲೆಂದು ಅವನಿಗೂ ಒಂದು ಲಾಗಿನ್ ಕೊಟ್ಟಳು.

"ಮುನ್ನೂರ ಹನ್ನೆರಡು ಬಿಟ್ಟು ಬೇರೇನೋ ಒತ್ತಿದ್ರೆ?" ಎಂದು ಒಂದು ದಿನ ಕೇಳಿದ.

ಅವನು ಮೊದಲ ದಿನ ಆಡಿದ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. 'ಸಿಗಲಿಲ್ಲ' ಎಂಬ ಪದವೇ ಯಾರ ಕಣ್ಣಿಗೂ ಬೀಳಬಾರದೆಂದು ಕೊನೆಯಲ್ಲಿ ಒಂದು ನಿಯಮ ಬರೆದಿದ್ದಳು. ಗುರುತಿಲ್ಲದ ವಿಳಾಸ ಯಾವುದೇ ಬರಲಿ, ಸದ್ದಿಲ್ಲದೆ ಮುಖಪುಟಕ್ಕೆ ಹೋಗಬೇಕು.

"ನನಗೆ ಬೇಡದ್ದೆಲ್ಲ ಹೀಗೆ ಮುಂಬಾಗಿಲಿಗೆ ಹೋಗುತ್ತೆ," ಎಂದಳು ಜಂಬದಿಂದ. "ಒಂದೇ ಸಾಲು. ಬೈಯೋದೂ ಇಲ್ಲ, ಒಳಗೆ ಬಿಡೋದೂ ಇಲ್ಲ."

ಅವನು ನಕ್ಕ. ಆ ಮಾತನ್ನು ಎತ್ತಿಟ್ಟುಕೊಂಡ.

ಹದಿನಾಲ್ಕನೇ ಸೋಮವಾರ ಕೆಲಸ ಮುಗಿಯಿತು. ಆ ವಾರವೇ ಅವನಿಗೆ ದೂರದ ಬಂದರಿನ ಊರಿನಿಂದ ಕರೆ ಬಂತು, ಹಡಗುಗಳ ಹೆಸರು ಕೆತ್ತುವ ಕೆಲಸ. ಶನಿವಾರ ಅವಳ ಬಾಗಿಲಲ್ಲಿ ನಿಂತು, ಕಣ್ಣು ತಪ್ಪಿಸಿ, "ಸೋಮವಾರ ನಿಮ್ಮ ಮೇಜಿನ ಮೇಲೆ ಒಂದು ಫಲಕ ಇರುತ್ತೆ. ತೆರೆದು ನೋಡಿ. ನೀವು ಹೇಗೆ ಹೇಳ್ತೀರೋ ಹಾಗೆ," ಎಂದು ಹೋದ.

ಭಾನುವಾರವಿಡೀ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಸೋಮವಾರ ಹತ್ತು ಗಂಟೆಗೆ ಫಲಕ ಅಲ್ಲಿತ್ತು. ಅದೇ ಹಳೆಯ ನಮೂನೆಯ ವಿಳಾಸ. ಕೊನೆಯಲ್ಲಿ ನಂಬರ್... ಮುನ್ನೂರ ಹದಿಮೂರು.

ನಿಂತಲ್ಲೇ ಒತ್ತಿದಳು. ತೆರೆದದ್ದು ಮುಖಪುಟ. 'ಸ್ವಾಗತ. ಸೋಮವಾರ ರಜೆ.'

ಅವಳ ಪಟ್ಟಿಯಲ್ಲಿ ಮುನ್ನೂರ ಹದಿಮೂರು ಎಂಬುದೇ ಇರಲಿಲ್ಲ. 'ಏನೂ ಇಲ್ಲದ ನಂಬರ್ ಕೆತ್ತಿಟ್ಟಿದ್ದಾನೆ. ನಮ್ಮ ನಡುವೆ ಏನೂ ಇಲ್ಲ ಅಂತ ಹೇಳೋಕೆ ಇಷ್ಟು ಕಷ್ಟಪಡಬೇಕಿತ್ತಾ?' ಬಂದು ಏನಾದರೂ ಹೇಳಿಯಾನು ಎಂದು ಕಾದಳು. ಸ್ಟೂಲು ಸುಮ್ಮನಿತ್ತು. ಮಧ್ಯಾಹ್ನ ಮ್ಯೂಸಿಯಮ್ಮಿನ ಮುಖ್ಯಸ್ಥೆ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವವರು, ಬಂದು ಹೇಳಿದರು: ಉಳಿರಾಯ (ಕೆತ್ತನೆಗಾರನಿಗೆ ಅವರಿಟ್ಟ ಅಡ್ಡಹೆಸರು) ಹನ್ನೊಂದರ ಬಸ್ಸಿಗೆ ಹೊರಟುಹೋದನಂತೆ.

ಫೋನ್ ನಂಬರ್ ಇಬ್ಬರ ಬಳಿಯೂ ಇತ್ತು. ಬಿಗುಮಾನವೂ ಇಬ್ಬರ ಬಳಿಯೂ ಇತ್ತು. ಅವಳು ಫಲಕವನ್ನು ಮೇಜಿನ ಕೆಳಗಿನ ಡ್ರಾಯರಿನಲ್ಲಿಟ್ಟು ಮುಚ್ಚಿದಳು.

ಎರಡು ವರ್ಷ ಕಳೆಯಿತು.

ಕಳೆಯಿತು ಎನ್ನುವುದು ಬಾಯಿಮಾತು. ಸೋಮವಾರ ಬಂದರೆ ಅವಳು ರಜೆಯಿದ್ದರೂ ಒಂಬತ್ತಕ್ಕೇ ಆಫೀಸಿಗೆ ಬರುತ್ತಿದ್ದಳು. ಬಂದವಳೇ ಸುಮ್ಮನೆ ಮುಖಪುಟದಲ್ಲಿ ಒಂದು ಪದ ತಿದ್ದುವಳು, ಚಿತ್ರದ ಜಾಗ ಬದಲಿಸುವಳು. ಸ್ಟೂಲನ್ನು ಬೇರೆಯವರು ಎಳೆದುಕೊಂಡರೆ "ಅದು ಮುರಿದಿದೆ" ಎಂದು ಸುಳ್ಳು ಹೇಳುವಳು.

ಮನೆಯಲ್ಲಿ ಅತ್ತಿಗೆ ಅವಳಿಗೆಂದು ಒಬ್ಬ ಹಲ್ಲಿನ ಡಾಕ್ಟರನ್ನು ನೋಡಿದ್ದಳು. ಒಳ್ಳೆಯ ಮನುಷ್ಯ, ಮೆಲುಮಾತಿನವನು, ಎರಡು ಸಲ ಮನೆಗೂ ಬಂದು ಹೋಗಿದ್ದ. "ಭಾನುವಾರದೊಳಗೆ ಹೂಂ ಅನ್ನು, ಇಲ್ಲ ಉಹೂಂ ಅನ್ನು. ಪಾಪ, ಅವರನ್ನ ಬಾಯಿ ತೆರೆದು ಕೂರಿಸಬೇಡ," ಎಂದು ಅತ್ತಿಗೆ ಗಡುವು ಕೊಟ್ಟಳು. ಅವಳಿಗೂ ಉಹೂಂ ಎನ್ನಲು ಕಾರಣ ಸಿಗಲಿಲ್ಲ. ಹೂಂ ಎನ್ನೋಣವೆಂದೇ ತೀರ್ಮಾನಿಸಿದ್ದಳು.

ಅದೇ ವಾರ, ಗುರುವಾರ, ದೊಡ್ಡಕ್ಕ ಬಂದರು. ವೆಬ್‌ಸೈಟ್ ಹೊಸ ಸರ್ವರಿಗೆ ಹೋಗುತ್ತಿತ್ತು. ಫಲಕಗಳ ಪಕ್ಕ ಈಗ ಸ್ಕ್ಯಾನ್ ಮಾಡುವ ಚೌಕದ ಸ್ಟಿಕ್ಕರ್‌ಗಳಿದ್ದವು. ಆ ಹಳೆಯ ದಾರಿಗಳನ್ನು ಯಾರೂ ತುಳಿಯುವುದಿಲ್ಲ, ತೆಗೆದುಬಿಡು ಎಂದರು.

ತೆಗೆಯುವ ಮುನ್ನ ಯಾರಾದರೂ ಬಳಸುತ್ತಿದ್ದಾರೆಯೇ ಎಂದು ನೋಡುವುದು ಕೆಲಸದ ಶಿಸ್ತು. ಸರ್ವರ್ ತನ್ನ ಬಾಗಿಲು ತಟ್ಟಿದವರನ್ನೆಲ್ಲ ಸಾಲು ಸಾಲಾಗಿ ಬರೆದಿಡುತ್ತದೆ. ಎರಡು ವರ್ಷದ ಆ ದಾಖಲೆ ತೆರೆದು ಹಳೆಯ ನಂಬರ್‌ಗಳನ್ನು ಹುಡುಕಿದಳು. ನಲವತ್ತೇಳು, ಮೊದಲ ವರ್ಷ ಒಂದಷ್ಟು ಸಲ, ಆಮೇಲೆ ಸೊನ್ನೆ. ತೊಂಬತ್ತು, ಸೊನ್ನೆ. ಇನ್ನೂರ ಆರು, ಸೊನ್ನೆ.

ಮುನ್ನೂರ ಹದಿಮೂರು... ನೂರ ಒಂದು ಸಲ.

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಎಲ್ಲವೂ ಸೋಮವಾರ, ಎಲ್ಲವೂ ಬೆಳಿಗ್ಗೆ ಹತ್ತಕ್ಕೆ. ಪ್ರತಿ ಸಲವೂ ಅವಳ ನಿಯಮ ಅವನನ್ನು ಸದ್ದಿಲ್ಲದೆ ಮುಖಪುಟಕ್ಕೆ ಕಳಿಸಿತ್ತು. ಒಂದು ಸಲ 'ಸಿಗಲಿಲ್ಲ' ಎಂದಿದ್ದರೂ ಅದು ತಪ್ಪುಗಳ ಪಟ್ಟಿಗೆ ಬಂದು ಅದೇ ದಿನ ಅವಳ ಕಣ್ಣಿಗೆ ಬೀಳುತ್ತಿತ್ತು.

ಆ ನಂಬರ್ ಗೊತ್ತಿದ್ದದ್ದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ.

'ಏನೂ ಇಲ್ಲದ ಪುಟವನ್ನ ಯಾರಾದ್ರೂ ನೂರ ಒಂದು ಸಲ ಕೇಳ್ತಾರಾ?' ಆಗ ಹೊಳೆಯಿತು. ಅವನಿಗೆ ಲಾಗಿನ್ ಕೊಟ್ಟಿದ್ದಳಲ್ಲ! ಅವನೊಂದು ಪುಟ ಮಾಡಿದ್ದರೆ, ಅದಕ್ಕೆ ಮುಂದಿನ ನಂಬರ್ ತಾನಾಗಿಯೇ ಸಿಗುತ್ತದೆಂದು ನಂಬಿದ್ದರೆ? ಹೊಸ ಪುಟಗಳಿಗೆ ನಂಬರೇ ಇಲ್ಲವೆಂದು ಅವನಿಗೆ ಯಾರು ಹೇಳಿದ್ದರು?

ದೊಡ್ಡಕ್ಕನ ಒಪ್ಪಿಗೆಗೆ ಕಾದಿರುವ ಪುಟಗಳ ಪಟ್ಟಿ ತೆರೆದಳು. ಅವರು ಒಪ್ಪುವವರೆಗೆ ಪುಟ ಹೊರಗೆ ಕಾಣುತ್ತಿರಲಿಲ್ಲ, ಆ ಪಟ್ಟಿಯನ್ನು ಅವರು ವರ್ಷಗಳಿಂದ ಮುಟ್ಟಿರಲಿಲ್ಲ. ತಳಕ್ಕೆ ಇಳಿಯುತ್ತ ಹೋದಳು. ಎರಡು ವರ್ಷದ ಹಿಂದಿನ ಭಾನುವಾರದ ತಾರೀಕು.

'ವಸ್ತು: ಕಿಟಕಿ ಪಕ್ಕದ ಸ್ಟೂಲು.
ಸ್ಥಿತಿ: ಒಂದು ಕಾಲು ಗಿಡ್ಡ. ಅಡಿಗೆ ಮಡಚಿದ ಕಾಗದ.
ಬಳಸಿದವರು: ಒಬ್ಬ ಕೆತ್ತನೆಗಾರ, ಹದಿನಾಲ್ಕು ಸೋಮವಾರ.
ವಿವರ: ಇದರ ಮೇಲೆ ಕೂತರೆ ಒಬ್ಬರ ಜಡೆ, ಎಡಗಿವಿ ಮತ್ತು ಬೆರಳುಗಳು ಕಾಣುತ್ತವೆ. ಕೆತ್ತನೆಗಾರನಿಗೆ ಬೇರೆಲ್ಲೂ ಕೂರಲು ಈಗ ಮನಸ್ಸಾಗುತ್ತಿಲ್ಲ.
ಪ್ರಶ್ನೆ: ಈ ಸ್ಟೂಲಿನವನು ಇಲ್ಲೇ ಇರಲೋ, ಹೋಗಲೋ? ಹನ್ನೊಂದಕ್ಕೆ ಬಸ್ಸು. ಉತ್ತರವನ್ನು ಕೆಳಗೆ ಬರೆಯಿರಿ.'

ಕೆಳಗಿನ ಚೌಕ ಖಾಲಿ ಇತ್ತು.

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಬಸ್ ನಿಲ್ದಾಣದಲ್ಲಿ ನಿಂತು ಅವನೂ ಫೋನಿನಲ್ಲಿ ಅದೇ ವಿಳಾಸ ಒತ್ತಿರಬೇಕು. ಅವನಿಗೂ ತೆರೆದದ್ದು ಮುಖಪುಟ. 'ನನಗೆ ಬೇಡದ್ದೆಲ್ಲ ಮುಂಬಾಗಿಲಿಗೆ ಹೋಗುತ್ತೆ.' ತಾನೇ ಆಡಿದ ಮಾತು!

ಅವನ ಹಳೆಯ ನಂಬರಿಗೆ ಫೋನ್ ಮಾಡಿದಳು. ಆ ನಂಬರ್ ಬಳಕೆಯಲ್ಲಿರಲಿಲ್ಲ. ಅವನನ್ನು ತಲುಪಲು ಉಳಿದದ್ದು ಒಂದೇ ದಾರಿ, ಸೋಮವಾರ ಹತ್ತು ಗಂಟೆಯ ಆ ವಿಳಾಸ. ದಾಖಲೆಯನ್ನು ಇನ್ನೊಮ್ಮೆ ನೋಡಿದಳು. ಕೊನೆಯ ಮೂರು ಸೋಮವಾರ ಅವನು ಬಂದೇ ಇರಲಿಲ್ಲ.

'ನೂರ ಒಂದು ಸಲ ತಟ್ಟಿ ಸಾಕಾಯಿತೇನೋ...'

ಪುಟವನ್ನು ದೊಡ್ಡಕ್ಕನ ಮುಂದಿಟ್ಟು ಒಪ್ಪಿಗೆ ಕೇಳಿದಳು. ಅವರು ಎರಡು ಸಲ ಓದಿದರು. ಮೂಗು ಒರೆಸಿಕೊಂಡರು. "ಉದ್ದ ಅಗಲ ಬರೆದೇ ಇಲ್ಲ ಈ ಉಳಿರಾಯ," ಎನ್ನುತ್ತ ಒಪ್ಪಿಗೆಯ ಗುಂಡಿ ಒತ್ತಿದರು. ಅವಳು ಮುನ್ನೂರ ಹದಿಮೂರಕ್ಕೆ ದಾರಿ ಬರೆದಳು. ಎಲ್ಲವನ್ನೂ ಮುಖಪುಟಕ್ಕೆ ಅಟ್ಟುವ ಆ ಸಾಲನ್ನು ಕಿತ್ತು ಹಾಕಿದಳು. ಆಮೇಲೆ ಖಾಲಿ ಚೌಕದಲ್ಲಿ ಬರೆದಳು:

'ಇಲ್ಲೇ ಇರಲಿ. ಈ ಪುಟವನ್ನು ನಾನು ಓದಿದ್ದು ಇವತ್ತೇ ಮೊದಲು. ನಿಮ್ಮನ್ನು ಬಾಗಿಲಿಗೆ ಕಳಿಸಿದ್ದು ನನ್ನ ಮನಸ್ಸಲ್ಲ, ನಾನು ಬರೆದ ಒಂದು ದಡ್ಡ ಸಾಲು. ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿಲ್ಲ.'

ಭಾನುವಾರ ಅತ್ತಿಗೆಗೆ ಉಹೂಂ ಎಂದಳು. ಅವನು ಬರುತ್ತಾನೆಂದು ಏನು ಗ್ಯಾರಂಟಿ ಎಂದು ಅತ್ತಿಗೆ ಕೇಳಿದಳು. ಗ್ಯಾರಂಟಿ ಏನೂ ಇಲ್ಲ ಅತ್ತಿಗೆ, ಆದರೆ ಅವನಿಗಾಗಿ ಕಾಯುತ್ತ ಇನ್ನೊಬ್ಬರಿಗೆ ಹೂಂ ಎನ್ನುವುದು ಮೋಸ ಎಂದಳು. ಅತ್ತಿಗೆ ಬೈಯಲಿಲ್ಲ. ಸುಮ್ಮನೆ ಅವಳ ತಲೆ ಸವರಿ, ಡಾಕ್ಟರ ಮನೆಗೆ ತಾನೇ ಫೋನ್ ಮಾಡಿದಳು.

ಸೋಮವಾರ. ಹತ್ತು ಗಂಟೆ. ದಾಖಲೆಯ ಸಾಲುಗಳು ಪರದೆಯ ಮೇಲೆ ಒಂದೊಂದಾಗಿ ಬರುತ್ತಿದ್ದವು. ತಕ್ಕಡಿಯನ್ನು ಯಾರೋ ನೋಡಿದರು. ಹೊಲಿಗೆ ಯಂತ್ರವನ್ನು ಯಾರೋ ನೋಡಿದರು. ಹತ್ತೂ ಹತ್ತು. ಹತ್ತೂವರೆ. ತಂದಿಟ್ಟ ಚಹಾ ಆರಿಹೋಯಿತು. ಹನ್ನೊಂದು ಹೊಡೆದಾಗ ಅವಳು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದಳು. ಬಸ್ಸಿನ ಹೊತ್ತು ಮತ್ತೊಮ್ಮೆ ಮೀರಿತ್ತು.

ಹನ್ನೊಂದೂ ನಲವತ್ತಕ್ಕೆ ಕಣ್ಣು ಬಿಟ್ಟಾಗ ಹೊಸದೊಂದು ಸಾಲು ಬಂದಿತ್ತು. ಮುನ್ನೂರ ಹದಿಮೂರು. ಅದರ ಕೆಳಗೇ ಇನ್ನೊಂದು: ಕಿಟಕಿ ಪಕ್ಕದ ಸ್ಟೂಲು, ಪುಟ ಕೊಡಲಾಯಿತು.

ಒಂದು ನಿಮಿಷ. ಎರಡು. ಐದು... ಪುಟದ ಕೆಳಗೆ, ಅವಳ ಉತ್ತರದ ಅಡಿಯಲ್ಲಿ, ಅಕ್ಷರಗಳು ಮೂಡಿದವು.

'ಕಾಲಿನ ಕೆಳಗಿನ ಕಾಗದ ಇನ್ನೂ ಇದೆಯಾ?'

'ಇದೆ,' ಎಂದು ಬರೆದಳು. ಕಣ್ಣೀರಿನಲ್ಲಿ ಕೀಲಿಗಳೇ ಕಾಣುತ್ತಿರಲಿಲ್ಲ.

'ಹಾಗಾದರೆ ಬರ್ತೀನಿ.'

ಮುಂದಿನ ಸೋಮವಾರ ಅವನು ಬಂದ. ಅರ್ಧ ಆಳಾಗಿದ್ದ, ಕೆನ್ನೆ ಗುಳಿಬಿದ್ದಿತ್ತು. ಬಾಗಿಲಲ್ಲೇ ನಿಂತ.

"ಮೂರು ವಾರ ಬರ್ಲಿಲ್ಲ ನೀವು," ಎಂದಳು. ಎರಡು ವರ್ಷ ಕೂಡಿಟ್ಟ ಮಾತುಗಳಲ್ಲಿ ಮೊದಲು ಹೊರಬಿದ್ದದ್ದು ಅದೇ.

"ಟೈಫಾಯ್ಡ್. ಆಸ್ಪತ್ರೇಲಿದ್ದೆ. ಹೋದ ಸೋಮವಾರ ಬಿಟ್ರು. ಬಿಲ್ಲಿನ ಕಾಗದ ಎಲ್ಲ ಮುಗಿಸಿ ಹೊರಗೆ ಬಂದವನೇ ಫೋನ್ ತೆಗೆದೆ."

"ಪ್ರತಿ ಸಲ ಬಾಗಿಲಿಗೇ ಕಳಿಸ್ತಿತ್ತಲ್ಲ... ಮತ್ಯಾಕೆ ಬರ್ತಿದ್ರಿ?"

ಅವನು ನೆಲ ನೋಡಿದ. "ಮುಖಪುಟದ ಕೊನೇಲಿ ಒಂದು ಸಾಲಿರುತ್ತಲ್ಲ, 'ಕೊನೆಯದಾಗಿ ತಿದ್ದಿದ್ದು' ಅಂತ. ಅಲ್ಲಿ ಅವತ್ತಿನ ತಾರೀಕೇ ಇರ್ತಿತ್ತು. ಸೋಮವಾರಾನೂ ನೀವು ಬಂದಿದ್ದೀರಿ, ಚೆನ್ನಾಗಿದ್ದೀರಿ ಅಂತ ಗೊತ್ತಾಗ್ತಿತ್ತು. ನನಗೆ ವಾರಕ್ಕೆ ಅಷ್ಟು ಸಾಕಿತ್ತು."

ಅವಳು ಎದ್ದು ಬಂದು ಅವನ ಅಂಗಿಯ ತೋಳನ್ನು ಹಿಡಿದುಕೊಂಡಳು. ಅಲ್ಲಿ ಹಿತ್ತಾಳೆಯ ಪುಡಿ ಇರಲಿಲ್ಲ, ಆಸ್ಪತ್ರೆಯ ವಾಸನೆಯಿತ್ತು.

ಆಮೇಲೆ ಅವಳು ಡ್ರಾಯರ್ ತೆರೆದು ಫಲಕ ಕೊಟ್ಟಳು. ಅವನು ಚೀಲದಿಂದ ಸ್ಕ್ರೂ ಡ್ರೈವರ್ ತೆಗೆದು, ಸ್ಟೂಲನ್ನು ಮಗುಚಿ, ಹಲಗೆಯ ಅಂಚಿಗೆ ಅದನ್ನು ಬಿಗಿದ. ಎರಡು ಸ್ಕ್ರೂ ಸಾಕೆಂದ. ನಾಲ್ಕೂ ಹಾಕಿ ಎಂದಳು. ಹಾಕಿದ.

"ಕಾಲೂ ಸರಿ ಮಾಡಿಬಿಡ್ಲಾ?" ಎಂದು ಕೇಳಿದ. "ಹತ್ತು ನಿಮಿಷದ ಕೆಲಸ."

"ಬೇಡ," ಎಂದಳು ಅವಳು ಪರದೆಯ ಕಡೆ ತಿರುಗಿ ಕೂರುತ್ತ. "ಅದು ಸದ್ದು ಮಾಡಿದ್ರೇನೇ ನನಗೆ ನೀವಿದ್ದೀರಿ ಅಂತ ಗೊತ್ತಾಗೋದು."

ಬೆನ್ನ ಹಿಂದೆ ಸ್ಟೂಲು ಟಕ್ ಎಂದಿತು.