ಎತ್ತರ ಇಳಿಸದ ಕಾರು

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಮುದುಕಿಯ ದೂರು ಕೇಳಿ ದಫೇದಾರ ನಗು ತಡೆದುಕೊಂಡ. ತೀರಿಹೋದ ಗಂಡನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಬಣ್ಣಕ್ಕೆಂದು ಗ್ಯಾರೇಜಿಗೆ ಕೊಟ್ಟಿದ್ದರಂತೆ; ವಾಪಸ್ ಬಂದದ್ದು ಅದಲ್ಲವಂತೆ.

"ನಂಬರು ಅದೇ, ಬಣ್ಣ ಅದೇ. ಮತ್ತೆ ಹೇಗಮ್ಮಾ ಹೇಳ್ತೀರಿ?" ಇನ್‌ಸ್ಪೆಕ್ಟರ್ ಕೇಳಿದರು. ಹಿಂದಿನ ರಾತ್ರಿಯ ಬಂದೋಬಸ್ತಿನ ನಿದ್ದೆ ಇನ್ನೂ ಅವರ ಕಣ್ಣಲ್ಲೇ ಕೂತಿತ್ತು.

"ಅದರಿಂದ ಏಳೋದು ಅಂದ್ರೆ ಬಾವಿಯಿಂದ ಹತ್ತಿ ಬಂದ ಹಾಗಪ್ಪ. ಇದರಿಂದ ಕುರ್ಚಿಯಿಂದ ಎದ್ದ ಹಾಗೆ ಎದ್ದೆ. ಕಣ್ಣಿಗೆ ಬಣ್ಣ ಬಳೀಬಹುದು, ಸೊಂಟಕ್ಕೆ ಬಳಿಯೋಕಾಗುತ್ತಾ?"

"ಸೊಂಟದ ಹೇಳಿಕೇನೂ ಬರ್ಕೊಳ್ಳಲಾ ಸಾರ್?" ದಫೇದಾರ ಕೇಳಿದ.

"ಬರ್ಕೊ."

ಎಫ್‌ಐಆರ್ ಆಯಿತು. ಮಧ್ಯಾಹ್ನ ಮುದುಕಿಯ ಮನೆಯ ಶೆಡ್ಡಿನಲ್ಲಿ, ಇಬ್ಬರು ಪಂಚರ ಎದುರು, ಸೀಟಿನ ಹಿಂದಿನ ಮುಚ್ಚಳ ಎತ್ತಿಸಿದರು. ಒಳಗೆ ಒಂದೇ ದೊಡ್ಡ ಬ್ಯಾಟರಿ.

"ನಮ್ಮೆಜಮಾನ್ರು ಎರಡು ಪುಟ್ಟ ಬ್ಯಾಟರಿಗೆ ನೀರು ಹಾಕ್ತಿದ್ರು," ಎಂದರು ಮುದುಕಿ.

ಪಂಚನಾಮೆ ಮುಗಿಸಿ ನೇರ ಗ್ಯಾರೇಜಿಗೆ ಹೋದರು. ಯಜಮಾನರ ಕಾಲದಿಂದಲೂ ಆ ಕಾರಿಗೆ ಕೈ ಹಾಕುತ್ತಿದ್ದ ನರೆಗೂದಲ ಮೆಕ್ಯಾನಿಕ್ ಗ್ರೀಸು ಒರೆಸಿಕೊಳ್ಳುತ್ತ ಎದ್ದು ನಿಂತ.

"ಈ ಕಾರಿನ ಮೊದಲಿನ ಮಾದರಿಗೂ ಆಮೇಲಿನದಕ್ಕೂ ಏನು ವ್ಯತ್ಯಾಸ?" ಇನ್‌ಸ್ಪೆಕ್ಟರ್ ಕೇಳಿದರು.

"ಮೊದಲಿನದಕ್ಕೆ ಹೊಳೆಯೋ ಬಂಪರು, ಆಮೇಲಿನದಕ್ಕೆ ಕರೀ ರಬ್ಬರು. ಮೊದಲಿನದು ನೆಲಕ್ಕೆ ಕಚ್ಚಿಕೊಂಡು ಓಡತ್ತೆ ಸಾರ್. ಆಮೇಲಿನದನ್ನ ಎತ್ತರಿಸಿ ಕೆಡಿಸಿದ್ರು. ತಿರುವಿನಲ್ಲಿ ತುಂಬು ಬಸುರಿ ಹಾಗೆ ವಾಲತ್ತೆ."

"ಹೊಳೆಯೋ ಬಂಪರ್ ನೀನೇ ಹಾಕಿದೆ. ಎತ್ತರ ಯಾಕೆ ಇಳಿಸಲಿಲ್ಲ?"

ಮೆಕ್ಯಾನಿಕ್ ಕೈಯ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟ. "ಇಳಿಸೋಕೆ ಹೊರಟಿದ್ದೆ. ಅಮ್ಮಾವ್ರಿಗೆ ಸೊಂಟನೋವು, ಕೂತು ಏಳೋಕೆ ಸುಲಭ ಆಗ್ಲಿ ಅಂತ ಬಿಟ್ಟೆ."

ದಫೇದಾರನಿಗೆ ಈ ಸಲ ನಗು ಬರಲಿಲ್ಲ.

ಅಸಲಿ ಕಾರು ಮೆಕ್ಯಾನಿಕ್‌ನ ಮನೆಯ ಹಿತ್ತಲಲ್ಲಿ, ಟಾರ್ಪಾಲಿನ ಕೆಳಗೆ ಸಿಕ್ಕಿತು. ಸಂಜೆ ಐದಕ್ಕೆ ಜಪ್ತಿ, ದಸ್ತಗಿರಿ.

"ಮಾರೋಕಿಟ್ಟಿದ್ದೆಯಾ?" ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

"ಶಿವಶಿವಾ! ಬಣ್ಣ ಆದ ಮೇಲೆ ಎಂಜಿನ್ ಕಿತ್ತುಬಿಡು ಅಂದಿದ್ರು ಅಮ್ಮಾವ್ರ ಮಗ. ತಮ್ಮ ಹೋಟೆಲಿನ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಹೂಕುಂಡ ಇಡ್ತಾರಂತೆ. ನಿಲ್ಲೋದಕ್ಕೆ ಯಾವುದಾದ್ರೇನು? ನನ್ನ ಹತ್ರ ಬಿದ್ದಿದ್ದ ಆಮೇಲಿನ ಮಾದರೀನೇ ಸಿಂಗರಿಸಿ, ಅದರ ನಂಬರು ಹಾಕಿ ಕೊಟ್ಟೆ. ಓಡೋದು ಓಡ್ಲಿ ಅಂತ."

ಬೆಂಚಿನ ಮೇಲಿದ್ದ ಮುದುಕಿಗೆ ಹೂಕುಂಡದ ಮಾತು ಹೊಸದು. ಸೆರಗು ಬಾಯಿಗೊತ್ತಿಕೊಂಡರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?"

"ಮಗನ ಎದುರು ನಿಮ್ಮನ್ನ ನಿಲ್ಲಿಸೋಕೆ ಮನಸ್ಸು ಬರಲಿಲ್ಲಮ್ಮಾ."

ಮುದುಕಿ ಇನ್‌ಸ್ಪೆಕ್ಟರತ್ತ ತಿರುಗಿದರು. "ದೂರು ವಾಪಸ್ ತಗೋತೀನಪ್ಪ."

"ಎಫ್‌ಐಆರ್ ಆಗಿದೆ. ಇನ್ನು ಕೋರ್ಟು ಹೇಳ್ಬೇಕಮ್ಮಾ."

ಮುದುಕಿ ಹೋದ ಮೇಲೆ ಇನ್‌ಸ್ಪೆಕ್ಟರ್ ವರದಿ ಬರೆಯಲು ಕೂತರು. ಉದ್ದೇಶ: ಲಾಭವಲ್ಲ, ಕಾರು ಓಡುತ್ತಿರಬೇಕೆಂಬ ಆಸೆ. ಕಿಟಕಿಯಾಚೆ, ಜಪ್ತಿಯಾದ ಗಾಡಿಗಳು ತುಕ್ಕು ಹಿಡಿಯುತ್ತಿದ್ದ ಅಂಗಳದಲ್ಲಿ, ಚಕ್ರದೊಳಗೆ ಹುಲ್ಲು ಬೆಳೆದ ಲಾರಿಯ ಪಕ್ಕಕ್ಕೆ ದಫೇದಾರ ಅಸಲಿ ಕಾರನ್ನು ತಳ್ಳಿ ನಿಲ್ಲಿಸುತ್ತಿದ್ದ.